ಎರಡೂವರೆಗೆ ಕೇಳು

ಗ್ರಿಮ್ಸ್‌ಬಿಯ ಕಾಲೇಜಿನ ಎರಡನೇ ಮಹಡಿಯಲ್ಲಿ
ನನ್ನದೊಂದು ಮೇಜು, ಕಿಟಕಿ, ಸುಣ್ಣಗಟ್ಟಿದ ಕೆಟಲು.
ಗಾಳಿ ಹಾಗೆ ಬೀಸಿದರೆ ಮೀನು ಹೊಗೆಹಾಕುವ ಗೂಡಿನ ವಾಸನೆ,
ಹೀಗೆ ಬೀಸಿದರೆ ಬರಿಯ ಉಪ್ಪು.
ಪರದೆಯ ಮೇಲೆ ಮೂವತ್ತೊಂದು ಹೆಸರು,
ಹೆಸರಿನ ಮುಂದೊಂದು ಚುಕ್ಕೆ: ಹಸಿರು, ಹಳದಿ, ಕೆಂಪು.
ಎಲ್ಲರೂ ಗಣಿತದಲ್ಲಿ ಒಮ್ಮೆಯೋ ಮೂರು ಸಲವೋ ಮುಗ್ಗರಿಸಿದವರು.
ನಾನು ಇವರ ಮೆಂಟರ್.
ಕನ್ನಡದಲ್ಲಿ ಏನೆನ್ನಬೇಕೋ,
ಗುರು ಅಂದರೆ ಹೆಚ್ಚಾಯಿತು, ಗೆಳತಿ ಅಂದರೆ ಸುಳ್ಳಾಯಿತು.

ಈ ವರ್ಷ ಕಾಲೇಜು ಒಂದು ಯಂತ್ರ ತಂದಿತು.
ಯಂತ್ರ ಅನ್ನಲೂ ಆಗದು, ಫೋನಿನೊಳಗೊಂದು ಮಾತು.
ಅದಕ್ಕೆ ಉತ್ತರ ಹೇಳಿಕೊಡುವ ಅಪ್ಪಣೆಯಿಲ್ಲ.
ಕೇಳುವುದಷ್ಟೆ:
ಇವತ್ತು ಎಷ್ಟು ಮಾಡುತ್ತೀ? ಎಲ್ಲಿ ಕೂತು?
ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಷ್ಟು ದೂರ?

ಲೈಲ್ ಬ್ಲಾಂಚರ್ಡ್ ಮೂರು ವಾರ ಅದಕ್ಕೆ ಸುಳ್ಳು ಹೇಳಿದ.
ಹತ್ತು ಲೆಕ್ಕ. ಆಯಿತು. ಎಲ್ಲಾ ಸುಲಭ.
ನಾನೂ ನಂಬಿದೆ, ಚುಕ್ಕೆ ಹಸಿರಿತ್ತಲ್ಲ.
ಅಕ್ಟೋಬರಿನ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಒಂಬತ್ತು.
ಚುಕ್ಕೆ ಕೆಂಪಾಯಿತು, ನನ್ನ ಮುಖವೂ.

ಕರೆಸಿದೆ. ಬಂದ. ಹೆಬ್ಬೆರಳಿಗೆ ನೀಲಿ ಪ್ಲಾಸ್ಟರ್,
ತೋಳಿಗಂಟಿದ ಹ್ಯಾಡಕ್ ಮೀನಿನ ಪರೆ, ಅಭ್ರಕದ ಚೂರಿನಂತೆ.
ಕೇಳಬೇಕಾದ್ದು ಕೇಳಿದೆ, ಹೇಳಬೇಕಾದ್ದು ಹೇಳಿದ:
ಸಾರಿ ಮಿಸ್, ಇನ್ಮೇಲೆ ಮಾಡ್ತೀನಿ ಮಿಸ್.
ಇಬ್ಬರೂ ಕಂಠಪಾಠ ಒಪ್ಪಿಸಿದೆವು.

ಅವತ್ತು ಯಂತ್ರ ಕೇಳಿತಂತೆ, ಮರುದಿನ ಅವನೇ ತೋರಿಸಿದ:
ಏಳಕ್ಕೆ ಕೇಳಿದಾಗಲೆಲ್ಲ ಅರೆನಿಮಿಷದಲ್ಲಿ ಆಯಿತು ಅನ್ನುತ್ತೀ.
ನಾನು ಕೇಳುವ ಹೊತ್ತೇ ತಪ್ಪೇ?

ಕಾಗುಣಿತ ಕಾಣದ ಇಂಗ್ಲಿಷಿನಲ್ಲಿ ಅವನ ಉತ್ತರ:
ಏಳಕ್ಕೆ ಬೆಲ್ಟಿನ ಮುಂದೆ ಮೀನು ಸೀಳ್ತಿರ್ತೀನಿ.
ಎರಡೂವರೆಗೆ ಕೇಳು. ರಾತ್ರಿ. ಆಗ ಮನೇಲಿ ಟಿವಿ ಆಫ್.

ಇಷ್ಟೇ.
ಹನ್ನೊಂದು ವರ್ಷ ಶಾಲೆ ಗಂಟೆ ಹೊಡೆದು ಅವನಿಗೆ ಹೊತ್ತು ಹೇಳಿತ್ತು;
ನಿನ್ನ ಹೊತ್ತು ಯಾವುದು ಅಂತ ಒಬ್ಬರೂ ಕೇಳಿರಲಿಲ್ಲ.
ನಾನೂ.
ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.
ನಿದ್ದೆಯಿಲ್ಲದ, ಬಾಡಿಗೆ ಕಟ್ಟದ, ಸೊಂಟ ನೋಯದ ಅದಕ್ಕೆ
ಎರಡೂವರೆಯೇನು, ನಾಲ್ಕೂವರೆಯೇನು!

ಆಮೇಲೂ ಚುಕ್ಕೆ ಹಸಿರಾಗಲಿಲ್ಲ.
ಹಳದಿಯಲ್ಲೇ ಒದ್ದಾಡಿತು, ಎರಡು ಸಲ ಕೆಂಪಿಗೆ ಜಾರಿತು.
ಆದರೆ ಒಂದು ರಾತ್ರಿ ಬರೆದಿದ್ದ:
ನಾಲ್ಕು ಅಂದ್ಕೊಂಡೆ, ಒಂದು ಮಾಡಿದೆ.
ಭಿನ್ನರಾಶಿ ಕೂಡಿಸೋದು ಬರಲ್ಲ. ಛೇದ ಬೇರೆಬೇರೆ ಇದ್ರೆ.

ಬರಲ್ಲ ಅನ್ನುವುದಕ್ಕೂ
ಇಂಥದ್ದು ಬರಲ್ಲ ಅನ್ನುವುದಕ್ಕೂ
ಕಡಲಿಗೂ ಬಕೆಟ್ಟಿಗೂ ಇರುವಷ್ಟು ಅಂತರ.
ಬಕೆಟ್ಟಾದರೆ ಎತ್ತಬಹುದು.

ಮಂಗಳವಾರ ಮೀನುಪೆಟ್ಟಿಗೆಯ ಲೇಬಲ್ಲಿನ ಬೆನ್ನಿಗೆ
ಮೂರನೇ ಒಂದು ಬರೆದೆ, ನಾಲ್ಕನೇ ಒಂದು ಬರೆದೆ.
ಹನ್ನೆರಡು ತುಂಡು ಅಂದುಕೋ, ಅಂದೆ.
ಮೀನನ್ನ ಹಾಗೆ ಕೊಯ್ಯಲ್ಲ ಮಿಸ್, ಅಂದ.
ಆಮೇಲೆ ಕೊಯ್ದ.

ನನ್ನ ಭಾಷೆಯಲ್ಲೊಂದು ಮಾತಿದೆ, ಅವನಿಗೆ ಹೇಳಲಾರೆ:
ತಿದ್ದು.
ತಪ್ಪಿಗೆ ಕೆಂಪುಗೆರೆ ಎಳೆಯುವುದೂ ತಿದ್ದುವುದೇ;
ಇನ್ನೊಬ್ಬರು ಬರೆದುಕೊಟ್ಟ ಅಕಾರದ ಮೇಲೆ
ಬಳಪ ಸುತ್ತಿ ಸುತ್ತಿ ದಪ್ಪ ಮಾಡುತ್ತ
ಯಾವುದೋ ಸುತ್ತಿನಲ್ಲಿ ಅಡಿಗೆರೆ ಕಾಣೆಯಾಗಿ
ಅಕ್ಷರ ತನ್ನದಾಗುವುದೂ ತಿದ್ದುವುದೇ.
ನಾನು ಮೊದಲನೆಯ ಅರ್ಥದಲ್ಲೇ ಇಷ್ಟು ದಿನ ಸಂಬಳ ತಿಂದೆನೇನೋ.

ಫೆಬ್ರವರಿಯಲ್ಲಿ ಅವನ ಚುಕ್ಕೆ ಬೂದಿಬಣ್ಣಕ್ಕೆ ತಿರುಗಿತು.
ವಿದ್ಯಾರ್ಥಿ ಸ್ಪಂದಿಸುತ್ತಿಲ್ಲ, ಅಂದಿತು ಪರದೆ.
ಎದೆ ಧಸಕ್ಕೆಂದು ಫೋನು ಹಚ್ಚಿದೆ.
ಅತ್ತ ಐಸು ಸುರಿಯುವ ಸದ್ದು, ಯಾರದೋ ಬೈಗುಳ,
ನಡುವೆ ಅವನು:
ಅದನ್ನ ಆಫ್ ಮಾಡ್ದೆ ಮಿಸ್.
ಎರಡೂವರೆಗೆ ಈಗ ನಾನೇ ಕೇಳ್ಕೋತೀನಿ.

ಪರೀಕ್ಷೆ ಜೂನಿಗೆ. ಏನಾಗುತ್ತದೋ.
ಬೂದಿಚುಕ್ಕೆ ಹಾಗೇ ಇದೆ,
ಪಕ್ಕದಲ್ಲೊಂದು ಖಾಲಿ ಚೌಕ:
ಕೈಗೊಂಡ ಕ್ರಮವೇನು?
ದಿನಾ ಕೆಟಲು ಇಟ್ಟು ಅದರ ಮುಂದೆ ಕೂರುತ್ತೇನೆ,
ಇನ್ನೂ ಏನೂ ತುಂಬಿಲ್ಲ.